ಕೋವಿಗೆ ಕೈ ಹಚ್ಚುವ ಮೊದಲು ಒಂದು ಲೆಕ್ಕ

ಮಂಗಳೂರಿನಲ್ಲಿ ಫ್ಲ್ಯಾಟು, ಬೆಳ್ತಂಗಡಿ ಕಡೆ ಅಡಿಕೆ ತೋಟ. ಹೀಗೆ ಎರಡು ಕಡೆ ಬದುಕು ಹಂಚಿಕೊಂಡ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಆಸ್ತಿ ಪಾಲಾಗುವಾಗ ಆರ್‌ಟಿಸಿ, ಚಿನ್ನ, ಬ್ಯಾಂಕಿನ ಠೇವಣಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೆ ಬೆಲೆ ಉಂಟು, ಖರ್ಚು ಉಂಟು, ತಪ್ಪು ನಿರ್ಧಾರಕ್ಕೆ ದಂಡವೂ ಉಂಟು. ಹಾಗಾಗಿ ಅದು ಹಣಕಾಸಿನ ವಿಷಯವೇ.

ನಮ್ಮ ಮನೆಯ ಒಂಟಿ ನಳಿಗೆಯ 12 ಬೋರ್ ಕೋವಿ ಅಪ್ಪನಿಂದ ನನ್ನ ಹೆಸರಿಗೆ ಬಂದದ್ದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ, ಅಥವಾ ಅವರು ಕೋವಿ ಹೊಂದಿ 25 ವರ್ಷವಾದಾಗ, ಬದುಕಿರುವಾಗಲೇ ಅದನ್ನು ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಮಂಗಳೂರು ನಗರದಲ್ಲಿ ವಾಸವಿದ್ದರೆ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು, ಹೊರಗಿನ ತಾಲೂಕುಗಳಲ್ಲಿ ಜಿಲ್ಲಾಧಿಕಾರಿ. ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಬೇಕು. ಅಷ್ಟೆಲ್ಲ ಮುಗಿದು ಕೋವಿ ಕೈಗೆ ಬಂದಾಗ ಅದು ನನ್ನ ಮೈಗೆ ಸರಿಹೊಂದಲಿಲ್ಲ. ಅಪ್ಪ ಎತ್ತರದ ಆಳು. ಭುಜಕ್ಕೆ ಒತ್ತಿ ಹಿಡಿಯುವ ಮರದ ಬಟ್ಟು ಅವರ ತೋಳಿಗೆ ಒಪ್ಪುವಷ್ಟು ಉದ್ದ, ನನಗೆ ವಿಪರೀತ ಉದ್ದ. ನಳಿಗೆಯ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕಿಗಳೂ ಇದ್ದವು.

ತೋಟದ ಮನೆಯ ಕೆಲಸಕ್ಕೆ ಬರುವ ಆಚಾರಿ ನೋಡಿದವರೇ, "ಅಕ್ಕಾ, ಮರ ಕೊಯ್ಯುವುದು ಅರ್ಧ ಗಂಟೆಯ ಕೆಲಸ. ಐನೂರು ಕೊಡಿ, ಸಾಕು" ಎಂದರು. ಕೈಕೆಲಸದಲ್ಲಿ ಅವರು ನಿಪುಣರು, ಮಾತಿನಲ್ಲಿ ಮೋಸವಿರಲಿಲ್ಲ. ತುಕ್ಕಿಗೆ ನಾನೇ ಸ್ಯಾಂಡ್‌ಪೇಪರ್ ಹಿಡಿದರೆ ಅದಕ್ಕೂ ಖರ್ಚಿಲ್ಲ. ಕೋವಿ ರಿಪೇರಿಯ ಪರವಾನಗಿ ಇರುವ ಗನ್‌ಸ್ಮಿತ್ ಬಳಿಗೆ ಹೋದರೆ ಪ್ರಯಾಣ, ಕಾಯುವಿಕೆ, ಮಜೂರಿ ಎಲ್ಲ ಸೇರಿ ಸಾವಿರಗಳ ಮಾತು. ಮೇಲುನೋಟದ ಲೆಕ್ಕ ಆಚಾರಿಯ ಪರವಾಗಿಯೇ ಇತ್ತು.

ಆದರೆ ಮನೆಯ ಬೇರೆ ಸಾಮಾನುಗಳ ರಿಪೇರಿಗೆ ಹಾಕುವ ಲೆಕ್ಕ ಕೋವಿಗೆ ಹೊಂದುವುದಿಲ್ಲ. ಮಿಕ್ಸಿ ಬಿಚ್ಚಿ ಕೆಡಿಸಿದರೆ ಹೋಗುವುದು ಮಿಕ್ಸಿಯ ಬೆಲೆ ಮಾತ್ರ. ಕೋವಿಯ ಬೆಲೆಯಾದರೋ ಅದರ ಕಬ್ಬಿಣ, ಮರಗಳಿಗಿಂತ ಹೆಚ್ಚಾಗಿ ಅದರ ಮೇಲೆ ಕೊರೆದ ನಂಬರಿನಲ್ಲಿ, ಆ ನಂಬರಿಗೆ ಹೊಂದುವ ಕಾಗದದಲ್ಲಿ ಇರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋವಿಯ ಗುರುತು, ನಂಬರುಗಳನ್ನು ಅಳಿಸುವುದು, ತಿದ್ದುವುದು ಅಪರಾಧ; ಗುರುತಿಲ್ಲದ ಕೋವಿಯನ್ನು ಮಾರುವಂತೆಯೂ ಇಲ್ಲ. ಹಳೆಯ ನಳಿಗೆಯಲ್ಲಿ ನಂಬರು ಮೊದಲೇ ಸವೆದಿರುತ್ತದೆ. ತುಕ್ಕು ತೆಗೆಯಲು ಹೊರಟ ಸ್ಯಾಂಡ್‌ಪೇಪರ್ ಎರಡು ಅಂಕಿ ಉಜ್ಜಿಹಾಕಿದರೂ ಆ ಕೋವಿಯ ಮಾರಾಟದ ಬೆಲೆ ಸೊನ್ನೆಯಾಗುತ್ತದೆ, ಒಡೆಯರ ತಲೆಯ ಮೇಲೆ ಮೊಕದ್ದಮೆ ಬರುತ್ತದೆ.

5ನೇ ಸೆಕ್ಷನ್ ಇನ್ನೂ ನೇರ. ಕೋವಿಯನ್ನು ತಯಾರಿಸಲು, ಮಾರಲು, ಮಾರ್ಪಡಿಸಲು, ರಿಪೇರಿ ಮಾಡಲು ಅದಕ್ಕೆಂದೇ ಪರವಾನಗಿ ಬೇಕು. ಇಟ್ಟುಕೊಳ್ಳುವ ಪರವಾನಗಿ ಬೇರೆ, ರಿಪೇರಿಯ ಪರವಾನಗಿ ಬೇರೆ. ನಳಿಗೆಯನ್ನು ಗಿಡ್ಡ ಮಾಡುವುದು, ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದು 6ನೇ ಸೆಕ್ಷನ್ನಿಗೆ ಸೇರುತ್ತದೆ. 2019ರ ತಿದ್ದುಪಡಿಯ ನಂತರ ಈ ಎರಡರಲ್ಲಿ ಯಾವುದನ್ನು ಮೀರಿದವರಿಗೂ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಉಂಟು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆ ವಿನಾಯಿತಿ ಕೂಡ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಮನೆಯಲ್ಲೇ ನಳಿಗೆ ಕೊಯ್ಯಲು ಅದು ಯಾರಿಗೂ ಅನುಮತಿ ಕೊಡುವುದಿಲ್ಲ.

ಹಾಗಾದರೆ ಕೋವಿಯ ಒಡೆಯರು ಮಾಡಬಹುದಾದದ್ದು ಏನೂ ಇಲ್ಲವೇ? ಬೇಕಾದಷ್ಟಿದೆ. ನಾನು ಎಳೆದುಕೊಂಡ ಗೆರೆ ಇದು: ನಾಳೆ ಬೆಳಿಗ್ಗೆ ಮೊದಲಿನಂತೆ ಮಾಡಿಬಿಡಬಹುದಾದ ಕೆಲಸ ನನ್ನದು, ಒಮ್ಮೆ ಮಾಡಿದರೆ ಹಿಂದಕ್ಕೆ ಬರಲಾಗದ ಕೆಲಸ ಗನ್‌ಸ್ಮಿತ್‌ನದು. ಕಾಯ್ದೆಯ ಗೆರೆಯೂ ಬಹುಮಟ್ಟಿಗೆ ಇಲ್ಲಿಯೇ ಹಾದುಹೋಗುತ್ತದೆ.

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಊರಿನಲ್ಲಿ ಕೋವಿಯನ್ನು ಬದುಕಿಸುವುದು ಮನೆಯವರ ಕೈ. ಶುಚಿಮಾಡುವ ಸರಳು, ಬ್ರಶ್ಶು, ಬಟ್ಟೆ, ಎಣ್ಣೆ ಎಲ್ಲಕ್ಕೂ ನನಗೆ ಸಾವಿರ ರೂಪಾಯಿಯ ಆಸುಪಾಸು ಬಿತ್ತು. ತೋಟೆ ಇಲ್ಲವೆಂದು ಮೊದಲು ಖಚಿತ ಮಾಡಿಕೊಂಡು, ನಳಿಗೆ ಒರೆಸಿ, ತೆಳ್ಳಗೆ ಎಣ್ಣೆ ಸವರುವುದು ಯಾರೂ ಕಲಿಯಬಹುದಾದ ಕೆಲಸ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬಾರದು, ಚರ್ಮ ತೇವ ಹಿಡಿಯುತ್ತದೆ. ಬೀಗವಿರುವ ಕಬ್ಬಿಣದ ಕಪಾಟು, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ, ತೋಟೆಗಳಿಗೆ ಬೇರೆ ಬೀಗ. ನಮ್ಮಲ್ಲಿ ನವರಾತ್ರಿಯ ಆಯುಧ ಪೂಜೆಗೆ ಕೋವಿ ಹೊರತೆಗೆಯುವ ಪದ್ಧತಿ ಒಳ್ಳೆಯದೇ, ಆದರೆ ಮಳೆಗಾಲ ಮುಗಿಯುವವರೆಗೆ ಕಾಯಬಾರದು. ಮಳೆಯ ನಡುವೆಯೂ ಒಮ್ಮೆ ತೆಗೆದು ಒರೆಸಬೇಕು. ಈ ಕೆಲಸಕ್ಕೆ ಗನ್‌ಸ್ಮಿತ್‌ಗೆ ದುಡ್ಡು ಕೊಡುವುದು ವ್ಯರ್ಥ; ಮಾಡದೆ ಬಿಟ್ಟರೆ ಮುಂದೆ ಅವರಿಗೆ ಕೊಡಬೇಕಾದ ಬಿಲ್ಲು ದೊಡ್ಡದು.

ಬಟ್ಟಿನ ಉದ್ದದ ವಿಷಯಕ್ಕೆ ನಾನು ಗನ್‌ಸ್ಮಿತ್ ಬಳಿಗೇ ಹೋದೆ. ನಳಿಗೆ ಮಡಚಿ ಒಳಗೆ ನೋಡಿ, ಅಳತೆ ತೆಗೆದು, ನನ್ನ ಭುಜಕ್ಕೆ ಹಿಡಿಸಿ ನೋಡಿದ ಹಿರಿಯರು, "ಮರ ಕೊಯ್ಯುವುದು ಬೇಡ ಮೇಡಂ. ಕೊಯ್ದದ್ದು ಮತ್ತೆ ಬರ್ಲಿಕ್ಕುಂಟಾ?" ಎಂದರು. ಹಿಂದೆ ಯಾರೋ ಹಾಕಿಸಿದ್ದ ದಪ್ಪ ರಬ್ಬರಿನ ಪ್ಯಾಡು ತೆಗೆದು ತೆಳುವಾದದ್ದು ಕೂರಿಸಿದರು. ಉದ್ದದ ಸಮಸ್ಯೆ ಬಹುಪಾಲು ಅಲ್ಲಿಗೇ ಮುಗಿಯಿತು. ತುಕ್ಕಿನ ಚುಕ್ಕಿಗಳನ್ನು ನಂಬರಿಗೆ ತಾಗದಂತೆ ತೆಗೆದರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಅವರೇ ತೋರಿಸಿಕೊಟ್ಟರು: ನಮ್ಮ ಕೋವಿಯಲ್ಲಿ ತೋಟೆ ಕೂರುವ ಚೇಂಬರ್ 65 ಮಿ.ಮೀ.ನದು. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ತೋಟೆ 70 ಮಿ.ಮೀ.ನದು. ಅದು ಒಳಗೆ ಕೂರುತ್ತದೆ, ಆದರೆ ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಳೆಯ ಕೋವಿಗೆ ಅದು ಅಪಾಯ. ಕೊಳ್ಳುವಾಗ ಯಾವ ತೋಟೆ ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಪ್ಯಾಡು, ಮಜೂರಿ, ಪರೀಕ್ಷೆ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಆಚಾರಿಯ ಐನೂರಕ್ಕೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ನಾನು ಕೊಂಡದ್ದು ಏನೆಂದು ಬರೆದಿಟ್ಟುಕೊಂಡಿದ್ದೇನೆ: ಕೇಳದೆ ಸಿಕ್ಕ ರೋಗನಿರ್ಣಯ, ಕೋವಿಯ ನಂಬರು ನಮೂದಾದ ರಸೀದಿ, ಕೊಯ್ಯದೆ ಉಳಿದ ಮರ, ಕಾನೂನಿನ ಭಯವಿಲ್ಲದ ನಿದ್ದೆ. ಆಚಾರಿಯ ಬಳಿ ಇವು ಸಿಗುವಂತಿರಲಿಲ್ಲ. ಗನ್‌ಸ್ಮಿತ್‌ನ ಶುಲ್ಕವನ್ನು ಬರೀ ಮಜೂರಿ ಎಂದು ನೋಡಿದರೆ ದುಬಾರಿ. ಪರೀಕ್ಷೆಯ ಶುಲ್ಕ ಎಂದು ನೋಡಿದರೆ ಅಗ್ಗ.

ಗನ್‌ಸ್ಮಿತ್ ಬಳಿಗೂ ಎಲ್ಲವನ್ನೂ ಮಾಡಿಸಲು ಹೋಗಬೇಕಾಗಿಲ್ಲ. ಇಷಾಪುರದ ಕಾರ್ಖಾನೆಯ .315 ರೈಫಲ್ ಇರುವ ಪರಿಚಯದವರು ದುರ್ಬೀನು, ಹೊಸ ಬಟ್ಟು, ಹಗುರ ಟ್ರಿಗರ್ ಎಂದು ಆಸೆಪಡುತ್ತಾರೆ. ಲೋಹಕ್ಕೆ ತೂತು ಕೊರೆಯುವ ಪ್ರತಿಯೊಂದು ಕೆಲಸವೂ ಮಾರಾಟದ ಬೆಲೆಯನ್ನು ತಗ್ಗಿಸಬಹುದು. ಮೊದಲು ಇದ್ದಂತೆಯೇ ಮಾರಿದರೆ ಎಷ್ಟು ಬರುತ್ತದೆಂದು ಪರವಾನಗಿ ಇರುವ ಅಂಗಡಿಯಲ್ಲಿ ವಿಚಾರಿಸಿ. ಅಲಂಕಾರದ ಖರ್ಚು ಆ ಬೆಲೆಯ ಕಾಲು ಭಾಗ ದಾಟಿದರೆ ನಾನಂತೂ ಕೈಬಿಡುತ್ತೇನೆ. ಸುರಕ್ಷತೆಯ ಖರ್ಚಿಗೆ ಈ ಮಿತಿ ಇಲ್ಲ. ಬೀಗದ ಸಂದು ಸಡಿಲವಾಗಿದ್ದರೆ, ಪಿನ್ನು ಸವೆದಿದ್ದರೆ ರಿಪೇರಿ ಮಾಡಿಸಬೇಕು, ಇಲ್ಲವೇ ಕೋವಿಯನ್ನು ಕಾನೂನುಬದ್ಧವಾಗಿ ಒಪ್ಪಿಸಿ ಬಿಡಬೇಕು.

ಮಕ್ಕಳು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುವ ಮನೆಗಳಿಗೂ ಇದೇ ಗೆರೆ ಸಾಕು. 4.5 ಮಿ.ಮೀ. ಬೋರಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡ. ಸ್ಪರ್ಧೆಯ ವಿದೇಶಿ ರೈಫಲ್ ಎರಡು ಲಕ್ಷ ದಾಟುತ್ತದೆ. ಅಷ್ಟು ಬೆಲೆಯ ಒಂದು ಪಾಲು ಅದನ್ನು ಮೈಗೆ ಹೊಂದಿಸಿಕೊಳ್ಳುವ ಅನುಕೂಲಕ್ಕೇ ಕೊಟ್ಟದ್ದು. ಕೆನ್ನೆಯ ಆಸರೆ, ಭುಜದ ಪಟ್ಟಿ, ತೂಕದ ತುಂಡುಗಳನ್ನು ಕೋಚ್ ಎದುರಿನಲ್ಲಿ ಅಲೆನ್ ಕೀ ಹಿಡಿದು ಮಗುವೇ ಹೊಂದಿಸಲಿ, ಹಳೆಯ ಸ್ಥಾನವನ್ನು ಪುಸ್ತಕದಲ್ಲಿ ಬರೆದಿಡಲಿ. ರೈಫಲ್‌ನ ಒಟ್ಟು ತೂಕ 5.5 ಕಿಲೊ ಮೀರಬಾರದು. ಆದರೆ 200 ಬಾರ್ ಒತ್ತಡದ ಸಿಲಿಂಡರು, ಕವಾಟಗಳನ್ನು ಮನೆಯಲ್ಲಿ ಬಿಚ್ಚಬಾರದು, ಅವಧಿ ಮುಗಿದ ಸಿಲಿಂಡರನ್ನು ಬದಲಿಸಲೇಬೇಕು. ಸ್ಪ್ರಿಂಗ್ ಬದಲಿಸಿ ಶಕ್ತಿ ಹೆಚ್ಚಿಸಿ 20 ಜೂಲಿನ ಗೆರೆ ದಾಟಿಸಿದರೆ, ಅದು ಪರವಾನಗಿ ಬೇಕಾದ ಆಯುಧವೇ ಆಗಿಬಿಡುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅರ್ಹತಾ ಸುತ್ತಿನ ನಡುವೆ ಪಿಸ್ತೂಲಿನ ಲಿವರ್ ಮುರಿದು ಸಮಯ ಕಳೆದುಕೊಂಡರು, ಫೈನಲ್ ತಪ್ಪಿತು. ಅಂಥ ಮಟ್ಟದಲ್ಲೂ ಯಂತ್ರ ಯಂತ್ರವೇ. ಸರ್ವಿಸಿಗೆಂದು ವರ್ಷಕ್ಕೊಂದು ಮೊತ್ತ ಎತ್ತಿಡುವುದು ಪೋಷಕರ ಕರ್ತವ್ಯ.

ಗನ್‌ಸ್ಮಿತ್‌ಗೆ ಕೋವಿಯ ಕೆಲಸ ಒಪ್ಪಿಸುವ ಮುನ್ನ ಮೂರು ಕಾಗದ ನೋಡಿ. ಒಂದು, ರಿಪೇರಿ ಮಾಡುವವರ ಪರವಾನಗಿ ಚಾಲ್ತಿಯಲ್ಲಿದೆಯೇ? ಎರಡು, ಗನ್‌ಸ್ಮಿತ್ ಕಾಸರಗೋಡು ಕಡೆಯವರಾದರೆ ನಿಮ್ಮ ಪರವಾನಗಿ ಕೇರಳದಲ್ಲೂ ಸಲ್ಲುತ್ತದೆಯೇ? ಮೂರು, ನೀವೇ ಹೋಗಲಾಗದೆ ಮನೆಯ ಬೇರೊಬ್ಬರ ಕೈಯಲ್ಲಿ ಕಳಿಸುವುದಾದರೆ ನಿಮ್ಮ ಲಿಖಿತ ಒಪ್ಪಿಗೆ ಅವರ ಬಳಿ ಇದೆಯೇ? ರಿಪೇರಿಗಾಗಿ ಹಾಗೆ ಒಯ್ಯಲು ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಅವಕಾಶವಿದೆ. ರಿಪೇರಿಯ ರಸೀದಿಗಳನ್ನೂ ಚುನಾವಣೆಯ ಸಮಯದಲ್ಲಿ ಕೋವಿಯನ್ನು ಠೇವಣಿ ಇಟ್ಟ ಚೀಟಿಗಳನ್ನೂ ಪರವಾನಗಿಯ ಕಡತದಲ್ಲೇ ಇಡಿ.

ನಮ್ಮ ಕೋವಿಗಾಗಿ ನಾನೀಗ ವರ್ಷಕ್ಕೆ ಎರಡು ಸಾವಿರ ಎತ್ತಿಡುತ್ತೇನೆ. ಎಣ್ಣೆ, ಬಟ್ಟೆಗೆ ಸ್ವಲ್ಪ, ಉಳಿದದ್ದು ಗನ್‌ಸ್ಮಿತ್‌ನ ಪರೀಕ್ಷೆಗೆ. 5 ವರ್ಷಕ್ಕೊಮ್ಮೆ ಪರವಾನಗಿ ನವೀಕರಣ ಬರುವಾಗ ಇಟ್ಟುಕೊಳ್ಳಬೇಕೇ, ಬಿಡಬೇಕೇ ಎಂದು ಮನೆಯವರೆಲ್ಲ ಕೂತು ಮತ್ತೆ ತೀರ್ಮಾನಿಸುತ್ತೇವೆ. ತೋಟಕ್ಕೆ ಅದರ ಅಗತ್ಯ ಇಲ್ಲವಾದ ದಿನ ಅದನ್ನು ಚಂದ ಮಾಡಿಸುವುದಕ್ಕಿಂತ ಅಂಗಡಿಗೆ ಮಾರುವುದೇ ಸರಿಯಾದ ಹಣಕಾಸು. ಅಲ್ಲಿಯವರೆಗೆ ಒರೆಸುವ ಕೆಲಸ ನಮ್ಮದು, ಬಿಚ್ಚುವ ಕೆಲಸ ಬಲ್ಲವರದು.