ಮನೆ ಖರೀದಿಯ ಹೊಣೆ: ಸಂಭವನೀಯತೆಯ ಒಂದು ಪಾಠ

ಹತ್ತನೇ ತರಗತಿಯ ಸಂಭವನೀಯತೆ ಪಾಠದಲ್ಲಿ ನಾಣ್ಯ, ದಾಳಗಳ ನಂತರ ನಾನು ಮನೆ ಖರೀದಿಯ ಉದಾಹರಣೆ ತೆಗೆದುಕೊಂಡೆ.

ಪೀಠಿಕೆಯಲ್ಲಿ ಎರಡು ಅಂಶ ತಿಳಿಸಿದೆ. ಉಪನೋಂದಣಿ ಕಚೇರಿ ಕೊಡುವ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಪಿತ್ರಾರ್ಜಿತ ಮನೆಯಲ್ಲಿ ಸಹಿ ಹಾಕದ ಮಗಳ ಪಾಲು ಅದರಲ್ಲಿ ಕಾಣದು. ಆದ್ದರಿಂದಲೇ ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುವುದಾಗಿ ಮಾರುವವರು ಕ್ರಯಪತ್ರದಲ್ಲಿ ಬರೆದುಕೊಡುತ್ತಾರೆ. 1872ರ ಕರಾರು ಕಾಯ್ದೆಯ 124ನೇ ಕಲಂ ಹೇಳುವ ನಷ್ಟಭರ್ತಿ ಇದೇ.

“ಆಗ ಅವರ ಹತ್ತಿರ ದುಡ್ಡೇ ಇಲ್ಲದಿದ್ದರೆ, ಮಿಸ್?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ವಿಮೆಯ ಅಗತ್ಯ ಅಲ್ಲಿಂದಲೇ ಹೊರಟಿತು.

ಕಪ್ಪುಹಲಗೆಯ ಮೇಲೆ ಊಹೆಯ ಲೆಕ್ಕ ಬರೆದೆ: ತಲಾ 20 ಲಕ್ಷ ರೂಪಾಯಿಯ 100 ಮನೆಗಳು, ಅವುಗಳಲ್ಲಿ ಒಂದರ ಹಕ್ಕು ಪೂರ್ತಿ ಬಿದ್ದುಹೋಗುತ್ತದೆ. ಯಾವುದೆಂದು ತಿಳಿಯದು, ಪ್ರತಿ ಮನೆಗೂ ಸಂಭವನೀಯತೆ 1/100. ಎಲ್ಲರೂ 20,000 ರೂಪಾಯಿ ಹಾಕಿದರೆ ನಷ್ಟ ತುಂಬುತ್ತದೆ. ಹಾಕದಿದ್ದರೆ ಒಂದೇ ಕುಟುಂಬ 20 ಲಕ್ಷ ಕಳೆದುಕೊಳ್ಳುತ್ತದೆ. ಕಂಪನಿಯ ಖರ್ಚೂ ಸೇರಿ ಪ್ರೀಮಿಯಂ ಹೆಚ್ಚುತ್ತದೆಂದು ಮಕ್ಕಳೇ ಗುರುತಿಸಿದರು.

ಮೌಲ್ಯಮಾಪನ: ಇ.ಸಿ.ಯಲ್ಲಿ ಯಾವ ಋಣವೂ ಇಲ್ಲವೆಂದರೆ ತಕರಾರಿನ ಸಂಭವನೀಯತೆ ಸೊನ್ನೆಯೇ? ಕಾರಣ ಕೊಡಿ.