ಹುಳುಕಿಲ್ಲದ ಹಲ್ಲು ಏಕೆ ಬೀಳುತ್ತದೆ?

ನಂಜನಗೂಡು ಅಂದ ಕೂಡಲೇ ನಂಜುಂಡೇಶ್ವರ, ರಸಬಾಳೆ, ಹಲ್ಲುಪುಡಿ ನೆನಪಾಗುತ್ತವೆ. ಬಿ. ವಿ. ಪಂಡಿತರು 1913ರಲ್ಲಿ ಅಲ್ಲಿ ಸದ್ವೈದ್ಯಶಾಲೆ ಆರಂಭಿಸಿದರು. ಅದರ ಹಲ್ಲುಪುಡಿ ನಾಡಿಗೆಲ್ಲಾ ಹೆಸರಾಯಿತು. ನಾವು ದಿನಾ ಹಲ್ಲು ಉಜ್ಜುತ್ತೇವೆ. ಆದರೆ ಹಲ್ಲನ್ನು ಹಿಡಿದುಕೊಂಡಿರುವುದು ಯಾವುದು ಅಂತ ಯೋಚಿಸಿದ್ದೀರಾ?

ಮೂಳೆಯಲ್ಲಿ ಏನಿದೆ?
ಹಳೇ ಮನೆಗಳ ತಡಿಕೆ ಗೋಡೆ ನೋಡಿರುತ್ತೀರಿ. ಬಿದಿರಿನ ತಡಿಕೆ ಕಟ್ಟಿ ಮೇಲೆ ಮಣ್ಣು ಮೆತ್ತುತ್ತಾರೆ. ಮೂಳೆಯೂ ಹಾಗೇನೇ. ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳೇ ತಡಿಕೆ. ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಖನಿಜವೇ ಮಣ್ಣು. ಕೊಲ್ಯಾಜೆನ್‌ನಲ್ಲಿ ಮೂರು ಎಳೆಗಳು ಜಡೆಯ ಹಾಗೆ ಸುತ್ತಿಕೊಂಡಿವೆ. ಇದನ್ನು 1954ರಲ್ಲಿ ಮದ್ರಾಸಿನಲ್ಲಿ ತಿಳಿಸಿದವರು ನಮ್ಮ ದೇಶದ ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ಪ್ರಯೋಗ
ನಮ್ಮ ವಿಜ್ಞಾನ ಮೇಷ್ಟ್ರು ತೊಳೆದ ಕೋಳಿ ಮೂಳೆಯನ್ನು ವಿನೆಗರ್‌ನಲ್ಲಿ ಹಾಕಿಟ್ಟರು. ಕೆಲವು ದಿನ ಬಿಟ್ಟು ತೆಗೆದರೆ ಅದು ರಬ್ಬರಿನಂತೆ ಬಾಗಿತು! ಖನಿಜ ಕರಗಿ ಕೊಲ್ಯಾಜೆನ್ ಉಳಿದಿತ್ತು. ಇನ್ನೊಂದು ಮೂಳೆಯನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟರು. ಅದು ಮುಟ್ಟಿದರೆ ಪುಡಿಯಾಯಿತು. ಕೊಲ್ಯಾಜೆನ್ ಸುಟ್ಟು ಖನಿಜ ಮಾತ್ರ ಉಳಿದಿತ್ತು. ಗಟ್ಟಿಯಾಗಿರಲು ಎರಡೂ ಬೇಕು.

ಹಲ್ಲು ಸಡಿಲವಾಗುವುದು ಹೇಗೆ?
ಹಲ್ಲನ್ನು ದವಡೆ ಮೂಳೆಗೆ ಅಂಟಿಸಿಲ್ಲ. ಹಲ್ಲಿನ ಬೇರಿನಿಂದ ಮೂಳೆಗೆ ಕೊಲ್ಯಾಜೆನ್ ಎಳೆಗಳು ಹಗ್ಗದಂತೆ ಬಿಗಿದಿವೆ. ಸರಿಯಾಗಿ ಉಜ್ಜದಿದ್ದರೆ ವಸಡಿನ ಅಂಚಿನಲ್ಲಿ ಸೂಕ್ಷ್ಮಜೀವಿಗಳ ಪೊರೆ ಬೆಳೆಯುತ್ತದೆ. ಜೊಲ್ಲಿನಲ್ಲಿರುವ ಖನಿಜ ಸೇರಿ ಅದು ಗಟ್ಟಿ ಪಾಚಿಯಾಗುತ್ತದೆ. ವಸಡು ಊದಿ ರಕ್ತ ಬರುತ್ತದೆ. ಸೂಕ್ಷ್ಮಜೀವಿಗಳ ಜೊತೆ ಹೋರಾಡುವಾಗ ನಮ್ಮ ದೇಹವೇ ಬಿಡುವ ಕಿಣ್ವಗಳು ಕೊಲ್ಯಾಜೆನ್ ಹಗ್ಗಗಳನ್ನೂ ಕತ್ತರಿಸುತ್ತವೆ. ಮೂಳೆ ಕರಗಿಸುವ ಜೀವಕೋಶಗಳು ದವಡೆ ಮೂಳೆಯನ್ನು ಸವೆಸುತ್ತವೆ. ಆಗ ಹಲ್ಲು ಅಲ್ಲಾಡುತ್ತದೆ.

ನಮ್ಮ ಅಜ್ಜಿಗೆ ಒಂದು ಹಲ್ಲೂ ಹುಳುಕಿರಲಿಲ್ಲ. ಆದರೂ ಮುಂದಿನ ನಾಲ್ಕು ಹಲ್ಲು ಬಿದ್ದವು. "ವಯಸ್ಸಾಯ್ತು ಕಣವ್ವ, ಬೀಳ್ತವೆ" ಅಂತಿದ್ರು. ಟಿ. ನರಸೀಪುರದಲ್ಲಿ ದಂತವೈದ್ಯರಿಗೆ ತೋರಿಸಿದಾಗ, ಇದು ವಯಸ್ಸಿನಿಂದ ಮಾತ್ರ ಅಲ್ಲ, ವಸಡಿನ ರೋಗ, ಹೊಗೆಸೊಪ್ಪು ಅದನ್ನು ಜಾಸ್ತಿ ಮಾಡ್ತದೆ ಅಂದರು. ಸವೆದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲವಂತೆ. ಪಾಚಿ ತೆಗೆಸಿದ ಮೇಲೆ ಅಜ್ಜಿ ಹೊಗೆಸೊಪ್ಪು ಬಿಟ್ಟಿದ್ದಾರೆ. ಉಳಿದ ಹಲ್ಲುಗಳಲ್ಲಿ ಮುದ್ದೆ ಸಾರಿನ ಜೊತೆ ಕಾಳೂ ಅಗಿಯುತ್ತಾರೆ.

ನಾವು ಏನು ಮಾಡಬೇಕು?
1. ಬೆಳಿಗ್ಗೆ ಮತ್ತು ರಾತ್ರಿ ಹಲ್ಲುಜ್ಜಬೇಕು. ವಸಡಿನ ಅಂಚನ್ನು ಮೆದು ಬ್ರಷ್‌ನಿಂದ ಮೆಲ್ಲಗೆ ಉಜ್ಜಬೇಕು.
2. ರಾಗಿ, ಹಾಲು, ಸೊಪ್ಪು ತಿನ್ನಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ.
3. ಕೊಲ್ಯಾಜೆನ್ ತಯಾರಾಗಲು ಸಿ ಜೀವಸತ್ವ ಬೇಕು. ಅದಕ್ಕೆ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಬೇಕು.
4. ಮುದ್ದೆ ತಿಂದರೆ ಮಾತ್ರ ಸಾಲದು, ಪಾಚಿಯೂ ಹೋಗಬೇಕು. ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರಿಗೆ ತೋರಿಸಬೇಕು.

ಇವತ್ತು ಮನೆಗೆ ಹೋಗಿ ನಿಮ್ಮ ಅಜ್ಜಿ ತಾತನನ್ನು ಕೇಳಿ: "ಹಲ್ಲುಜ್ಜುವಾಗ ರಕ್ತ ಬರ್ತದಾ?"

– 7ನೇ ತರಗತಿ ವಿದ್ಯಾರ್ಥಿನಿ