ಫ್ರೆಂಚ್‌ನಲ್ಲಿ ಓದಿದವರಿಗೆ ಪರದೇಶದ ಮೆಡಿಕಲ್ ಸೀಟು: ಯಾವ ಕಾನೂನು ಏನು ಕೇಳುತ್ತದೆ?

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಮಕ್ಕಳ ಶಾಲೆಯ ಮಾಧ್ಯಮ ಆರಿಸುವ ಸ್ವಾತಂತ್ರ್ಯ ಬಹಳ ಕಡಿಮೆ. 1977ರ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ ವಲಸೆ ಬಂದವರ ಮಕ್ಕಳು ಪ್ರೌಢಶಾಲೆ ಮುಗಿಸುವ ತನಕ ಫ್ರೆಂಚ್‌ನಲ್ಲೇ ಓದಬೇಕು. ಜನ ಇದನ್ನು ಈಗಲೂ ‘ಬಿಲ್ 101’ ಎಂದೇ ಕರೆಯುತ್ತಾರೆ. ಕೆನಡಾ ಪ್ರಜೆಯಾದ ತಾಯಿ ಅಥವಾ ತಂದೆ ಆ ದೇಶದಲ್ಲೇ ಇಂಗ್ಲಿಷ್ ಪ್ರಾಥಮಿಕ ಶಾಲೆಯಲ್ಲಿ ಓದಿದ್ದರೆ ವಿನಾಯಿತಿ ಉಂಟು. ಮಂಡ್ಯದಲ್ಲೋ ಮಡಿಕೇರಿಯಲ್ಲೋ ಕಾನ್ವೆಂಟಿಗೆ ಹೋಗಿದ್ದರೆ ಅದು ಲೆಕ್ಕಕ್ಕಿಲ್ಲ. ತಾತ್ಕಾಲಿಕ ಕೆಲಸಕ್ಕೆ ಬಂದವರ ಮಕ್ಕಳಿಗೆ ಇದ್ದ ರಿಯಾಯಿತಿಯನ್ನೂ 2022ರ ತಿದ್ದುಪಡಿ ಗರಿಷ್ಠ 3 ವರ್ಷಕ್ಕೆ ಇಳಿಸಿತು. ಸರ್ಕಾರದ ಅನುದಾನವೇ ಇಲ್ಲದ ಖಾಸಗಿ ಶಾಲೆಗಳು ಈ ನಿಯಮದಿಂದ ಹೊರಗಿವೆ, ಆದರೆ ಅಲ್ಲಿನ ಫೀಸು ಎಲ್ಲರಿಗೂ ಎಟುಕುವಂಥದ್ದಲ್ಲ.

ಹೀಗೆ ಬೆಳೆದ ಮಗುವಿಗೆ ಡಾಕ್ಟರಾಗುವ ಆಸೆ ಹುಟ್ಟಿದಾಗ ಮನೆಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ, ‘ಫ್ರೆಂಚ್‌ನಲ್ಲಿ ಓದಿದ್ದಾಳೆ, ಬೇರೆ ದೇಶದವರು ಸೀಟು ಕೊಡ್ತಾರಾ?’ ಎಂಬುದು. ಫ್ರೆಂಚ್‌ನಲ್ಲಿ ಓದಿದ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವ ನಿಯಮ ಭಾರತದಲ್ಲೂ ಇಲ್ಲ, ಬ್ರಿಟನ್ನಿನಲ್ಲೂ ಇಲ್ಲ. ತೊಡಕು ಬರುವುದು ಬೇರೆ ಕಡೆಯಿಂದ. ಪ್ರವೇಶ, ವೀಸಾ, ಮುಂದೆ ವೃತ್ತಿಯ ಪರವಾನಗಿ, ಈ ಮೂರಕ್ಕೂ ಕಚೇರಿ ಬೇರೆ, ನಿಯಮ ಬೇರೆ. ಒಂದರಲ್ಲಿ ಪಾಸಾದ ಕಾಗದ ಇನ್ನೊಂದರಲ್ಲಿ ನಡೆಯಬೇಕೆಂದಿಲ್ಲ.

ಹೊರಗೆ ನೋಡುವ ಮೊದಲು ಊರೊಳಗಿನ ಹಕ್ಕನ್ನು ನೋಡಿಕೊಳ್ಳಬೇಕು. ಕ್ವಿಬೆಕ್‌ನಲ್ಲಿ ವೈದ್ಯಕೀಯ ಕಲಿಸುವುದು ಮಾಂಟ್ರಿಯಲ್, ಲಾವಾಲ್, ಶೆರ್ಬ್ರೂಕ್ ಮತ್ತು ಮೆಕ್‌ಗಿಲ್ ವಿಶ್ವವಿದ್ಯಾಲಯಗಳು. ಮೊದಲ ಮೂರರಲ್ಲಿ ಪಾಠ ಫ್ರೆಂಚ್‌ನಲ್ಲೇ ನಡೆಯುತ್ತದೆ. ಸೀಟುಗಳಲ್ಲಿ ಬಹುಪಾಲು ಕ್ವಿಬೆಕ್ ನಿವಾಸಿಗಳಿಗೆ ಮೀಸಲು, ಪಿ.ಆರ್. (ಕಾಯಂ ನಿವಾಸದ ಅನುಮತಿ) ಇರುವವರೂ ಆ ಲೆಕ್ಕದಲ್ಲಿ ಬರಬಹುದು. ಶಾಲೆ ಮುಗಿಸಿದ ಮೇಲಿನ ಎರಡು ವರ್ಷದ ಸೆಜೆಪ್ ಕಾಲೇಜಿನಿಂದ ನೇರವಾಗಿ ಅರ್ಜಿ ಹಾಕುವ ದಾರಿಯೂ ಅಲ್ಲಿದೆ. ಚೆನ್ನಾಗಿ ಫ್ರೆಂಚ್ ಬಲ್ಲ ಹುಡುಗಿ ಇದನ್ನು ಬಿಟ್ಟು ಮೊದಲೇ ವಿಮಾನದ ಟಿಕೆಟ್ ನೋಡುವುದು ನನ್ನ ಪ್ರಕಾರ ಅವಸರದ ಕೆಲಸ. ವರ್ಕ್ ಪರ್ಮಿಟ್ ಮೇಲಿರುವವರ ಮಕ್ಕಳ ಸ್ಥಿತಿ ಬೇರೆ. ಅವರಿಗೆ ಈ ಮೀಸಲು ಸೀಟು ಸಿಗುವುದು ಕಷ್ಟ, ಹೊರದೇಶದ ಅರ್ಜಿ ಅವರಿಗೆ ನಿಜವಾದ ಅಗತ್ಯ.

ಈಗ ಭಾರತದ ಮಾತು. ನೀಟ್ ಬರೆಯದೆ ಇಲ್ಲಿ ಎಂಬಿಬಿಎಸ್ ಸೀಟು ಇಲ್ಲ, ಎನ್‌ಆರ್‌ಐ ಕೋಟಾದಲ್ಲೂ ಇಲ್ಲ. ಪ್ರಶ್ನೆಪತ್ರಿಕೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರುತ್ತದೆ, ಫ್ರೆಂಚ್ ಅದರಲ್ಲಿಲ್ಲ. ಈಚಿನ ವರ್ಷಗಳಲ್ಲಿ ಹೊರದೇಶದ ಕೇಂದ್ರಗಳು ಹೆಚ್ಚಾಗಿ ಕೊಲ್ಲಿ ರಾಷ್ಟ್ರಗಳಲ್ಲಿ ಮತ್ತು ಏಷ್ಯಾದ ಕೆಲವು ನಗರಗಳಲ್ಲಿ ಇದ್ದವೇ ಹೊರತು ಕೆನಡಾದಲ್ಲಿ ಇರಲಿಲ್ಲ. ಪರೀಕ್ಷೆ ಸಾಮಾನ್ಯವಾಗಿ ಮೇ ಮೊದಲ ವಾರದಲ್ಲಿ. ಸೆಜೆಪ್‌ನ ಕೊನೆಯ ಸೆಮಿಸ್ಟರ್ ಮುಗಿಯುವುದೂ ಅದೇ ತಿಂಗಳಲ್ಲಿ. ಕಾಲೇಜಿನ ಪರೀಕ್ಷೆಯ ದಿನಾಂಕ ಸಿಕ್ಕ ಕೂಡಲೇ ನೀಟ್‌ಗೆ ಹೊರಡುವ ವಿಷಯವನ್ನು ಅಧ್ಯಾಪಕರಿಗೆ ಬರೆದು ತಿಳಿಸಿಡುವುದು ಒಳ್ಳೆಯದು.

ಎಡವುವುದು ಹೆಚ್ಚಾಗಿ 12ನೇ ತರಗತಿಯ ಲೆಕ್ಕದಲ್ಲಿ. ಕ್ವಿಬೆಕ್‌ನ ಪ್ರೌಢಶಾಲೆ 11ನೇ ತರಗತಿಗೇ ಮುಗಿಯುತ್ತದೆ. ಆ ಡಿಪ್ಲೊಮಾ ಒಂದನ್ನೇ ಹಿಡಿದು ‘ನಮ್ಮ ಮಗು ಹೈಸ್ಕೂಲ್ ಪಾಸಾಗಿದೆ’ ಎಂದರೆ ಇಲ್ಲಿ ನಡೆಯುವುದಿಲ್ಲ. ಬೇಕಿರುವುದು ಸೆಜೆಪ್‌ನ ವಿಜ್ಞಾನ ವಿಭಾಗದ ಡಿಪ್ಲೊಮಾ, ಅಲ್ಲಿನ ಮಕ್ಕಳು ‘ಡೆಕ್’ ಎನ್ನುವುದು. ಅದು 12ನೇ ತರಗತಿಗೆ ಸಮ ಎಂಬ ಪ್ರಮಾಣಪತ್ರವನ್ನು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ, ಅಂದರೆ ಎಐಯುನಿಂದ ಪಡೆಯಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್, ಈ ನಾಲ್ಕರಲ್ಲೂ ಪಾಸಾಗಿರಬೇಕು. ಮೂರು ವಿಜ್ಞಾನ ವಿಷಯಗಳ ಒಟ್ಟು ಅಂಕಕ್ಕೆ ಕನಿಷ್ಠ ಮಿತಿ ಇದೆಯೇ ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಫ್ರೆಂಚ್ ಸೆಜೆಪ್‌ನ ಒಂದು ಮಾರ್ಕ್ಸ್ ಕಾರ್ಡ್ ಎದುರಿಗಿಟ್ಟುಕೊಂಡು ನೋಡಿ. ವಿಷಯದ ಹೆಸರಿಗಿಂತ ಮುಂಚೆ ಸಂಕೇತ ಸಂಖ್ಯೆ ಇರುತ್ತದೆ: 101 ಅಂದರೆ ಜೀವಶಾಸ್ತ್ರ, 202 ರಸಾಯನಶಾಸ್ತ್ರ, 203 ಭೌತಶಾಸ್ತ್ರ, 604 ದ್ವಿತೀಯ ಭಾಷೆಯಾಗಿ ಇಂಗ್ಲಿಷ್. ಪಕ್ಕದಲ್ಲಿ ವಿದ್ಯಾರ್ಥಿಯ ಅಂಕ, ತರಗತಿಯ ಸರಾಸರಿ. ಪಾಸಾಗಲು 60 ಬೇಕು. ಅಲ್ಲಿನ ಪ್ರವೇಶಕ್ಕೆಲ್ಲ ಆಧಾರವಾದ ‘ಕೋಟ್ ಆರ್’ ಎಂಬ ಶ್ರೇಯಾಂಕ ಮೂವತ್ತರ ಆಸುಪಾಸಿನಲ್ಲಿದ್ದರೆ ಕ್ವಿಬೆಕ್‌ನವರು ಭೇಷ್ ಎನ್ನುತ್ತಾರೆ. ಇಲ್ಲಿನ ಗುಮಾಸ್ತರು ಅದನ್ನು ನೂರಕ್ಕೆ ಮೂವತ್ತು ಅಂದುಕೊಂಡರೆ ತಪ್ಪು ಅವರದಲ್ಲ. ಆದ್ದರಿಂದ ಬರೀ ಅನುವಾದ ಸಾಲದು. ಅಂಕ ನೀಡುವ ಪದ್ಧತಿಯನ್ನು ವಿವರಿಸುವ ಪತ್ರವನ್ನು ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಕೇಳಿ ಪಡೆಯಿರಿ. ಆ 604ರ ಪಾಠಕ್ರಮವನ್ನೂ ಜೊತೆಗಿಡಿ. ಮಗು ಮನೆಯಲ್ಲಿ ಪಟಪಟ ಇಂಗ್ಲಿಷ್ ಮಾತಾಡಿದರೂ ಕಡತದಲ್ಲಿ ಇಂಗ್ಲಿಷಿಗೆ ಸಾಕ್ಷಿ ಹೇಳುವುದು 604ರ ಆ ಸಾಲುಗಳೇ.

ಪಾಠಕ್ರಮದ ಪ್ರತಿ ಕೊಡಲು ಕಾಲೇಜು ಮೀನಮೇಷ ಎಣಿಸಿದರೆ ಸುಮ್ಮನಿರಬೇಕಾಗಿಲ್ಲ. ಸರ್ಕಾರಿ ಸೆಜೆಪ್‌ಗಳು ಕ್ವಿಬೆಕ್‌ನ ಮಾಹಿತಿ ಪಡೆಯುವ ಕಾಯ್ದೆಗೆ ಒಳಪಡುತ್ತವೆ. ಲಿಖಿತ ಅರ್ಜಿಗೆ 20 ದಿನದೊಳಗೆ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 10 ದಿನ ತೆಗೆದುಕೊಳ್ಳಬಹುದು. ಭಾರತದ ಕಚೇರಿಯಲ್ಲಿ ಕಡತ ಮಲಗಿದರೆ ನಮ್ಮ ಆರ್‌ಟಿಐ ಇದೆ, 10 ರೂಪಾಯಿ ಶುಲ್ಕ, 30 ದಿನ. ಆದರೆ ಅದು ಭಾರತದ ಪ್ರಜೆಗಳಿಗೆ ಮಾತ್ರ. ಮಗಳದು ಒಸಿಐ (ವಿದೇಶಿ ಪ್ರಜೆಯಾದ ಭಾರತೀಯ ಮೂಲದವರಿಗೆ ಕೊಡುವ) ಕಾರ್ಡ್, ಅಮ್ಮ ಇನ್ನೂ ಭಾರತದ ಪಾಸ್‌ಪೋರ್ಟ್‌ನವರಾದರೆ ಅರ್ಜಿಯನ್ನು ಅಮ್ಮನ ಹೆಸರಲ್ಲೇ ಹಾಕಿ.

ಅನುವಾದವನ್ನು ಕ್ವಿಬೆಕ್‌ನ ಅನುವಾದಕರ ವೃತ್ತಿಸಂಘದಲ್ಲಿ ನೋಂದಾಯಿಸಿದವರಿಂದ ಮಾಡಿಸಿ. ಮೂಲ ದಾಖಲೆಗೆ ಅಪೋಸ್ಟಿಲ್ ಬೇಕಾದರೆ ಪ್ರಾಂತ್ಯದ ನ್ಯಾಯ ಸಚಿವಾಲಯ ಕೊಡುತ್ತದೆ. 2024ರ ಜನವರಿ 11ರಿಂದ ಕೆನಡಾ ಅಪೋಸ್ಟಿಲ್ ಒಪ್ಪಂದದಲ್ಲಿದೆ, ಭಾರತ ಅದಕ್ಕೂ ಎಷ್ಟೋ ಮುಂಚಿನಿಂದ. ಅಪೋಸ್ಟಿಲ್ ಸಾಬೀತು ಮಾಡುವುದು ಸಹಿ ಮತ್ತು ಮೊಹರು ನಿಜವೆಂದಷ್ಟೆ. ಓದು 12ನೇ ತರಗತಿಗೆ ಸಮವೋ ಅಲ್ಲವೋ ಎಂಬುದು ಎಐಯು ಹೇಳಬೇಕಾದ ಮಾತು.

ಒಸಿಐ ಕಾರ್ಡಿನ ತಾರೀಖನ್ನೂ ಗಮನಿಸಿ. 2021ರ ಮಾರ್ಚ್ 4ರ ಅಧಿಸೂಚನೆ ಒಸಿಐ ಮಕ್ಕಳನ್ನು ಎನ್‌ಆರ್‌ಐ ಹಾಗೂ ಹೆಚ್ಚುವರಿ ಸೀಟುಗಳಿಗೆ ಸೀಮಿತಗೊಳಿಸಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಆ ದಿನಕ್ಕಿಂತ ಮುಂಚೆ ಒಸಿಐ ಪಡೆದವರ ಹಳೆಯ ಹಕ್ಕು ಉಳಿಯುತ್ತದೆ ಎಂದು ತೀರ್ಪು ಕೊಟ್ಟಿತು. ಹಾಗೆಂದು ಕರ್ನಾಟಕದ ಸರ್ಕಾರಿ ಕೋಟಾ ತಾನಾಗಿ ಸಿಗುವುದಿಲ್ಲ, ಅದಕ್ಕೆ ರಾಜ್ಯದಲ್ಲಿ ಇಷ್ಟು ವರ್ಷ ಓದಿರಬೇಕೆಂಬ ನಿಯಮ ಬೇರೆಯೇ ಇದೆ.

ಬ್ರಿಟನ್ನಿನದು ಇಷ್ಟು ಗೋಜಲಲ್ಲ. ಯುಕಾಸ್ ಮೂಲಕ ಅರ್ಜಿ, ವೈದ್ಯಕೀಯಕ್ಕೆ ಕೊನೆಯ ದಿನ ಅಕ್ಟೋಬರ್ 15, ನಾಲ್ಕೇ ಕಾಲೇಜು ಆರಿಸಬಹುದು. ಕೆನಡಾದ ಪ್ರಜೆಗೆ ವೀಸಾ ನಿಯಮದಲ್ಲಿ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ, ಭಾರತದ ಪಾಸ್‌ಪೋರ್ಟ್ ಇದ್ದು ಪಿ.ಆರ್. ಮಾತ್ರ ಇರುವವರಿಗೆ ಇಲ್ಲ. ಪಾಸ್‌ಪೋರ್ಟ್ ಯಾವುದೇ ಇರಲಿ, ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ಐಇಎಲ್‌ಟಿಎಸ್ ಕೇಳಬಹುದು.

ಇನ್ನು ಪರವಾನಗಿ. ಹೊರದೇಶದಲ್ಲಿ ವೈದ್ಯಕೀಯ ಓದಿ ಭಾರತದಲ್ಲಿ ಪ್ರಾಕ್ಟೀಸ್ ಮಾಡಬೇಕೆನ್ನುವವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರ್ ನಿಯಮಾವಳಿ ಅನ್ವಯಿಸುತ್ತದೆ: ಕನಿಷ್ಠ 54 ತಿಂಗಳ ಕೋರ್ಸು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಪಾಠದ ಮಾಧ್ಯಮ ಇಂಗ್ಲಿಷ್. ಕೊನೆಯ ಷರತ್ತನ್ನು ಎರಡು ಸಲ ಓದಿ. ಲಾವಾಲ್‌ನಲ್ಲೋ ಪ್ಯಾರಿಸ್‌ನಲ್ಲೋ ಫ್ರೆಂಚ್‌ನಲ್ಲಿ ಎಂ.ಡಿ. ಮಾಡಿದವರು ಈ ಗೆರೆಯ ಆಚೆಗೆ ಬೀಳುತ್ತಾರೆ. ನಿಯಮಾವಳಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ತಳ್ಳಿಹಾಕಿದೆ. ಶಾಲೆ ಫ್ರೆಂಚ್‌ನಲ್ಲಾದರೆ ಭಾರತಕ್ಕೆ ಅಡ್ಡಿಯಿಲ್ಲ, ವೈದ್ಯಕೀಯವೇ ಫ್ರೆಂಚ್‌ನಲ್ಲಾದರೆ ಅಡ್ಡಿ. ಹೊರಗೆ ಹೊರಡುವ ಮುಂಚೆ ನೀಟ್ ಅರ್ಹತೆ ಪಡೆದಿರಬೇಕೆಂಬುದನ್ನೂ ಒಸಿಐ ಮನೆಗಳು ಮರೆಯುವುದು ಹೆಚ್ಚು.

ಎದುರು ದಿಕ್ಕಿನಲ್ಲಿ ಲೆಕ್ಕ ತಿರುಗುತ್ತದೆ. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಓದಿ ಮಾಂಟ್ರಿಯಲ್‌ಗೆ ಮರಳುವ ಹುಡುಗಿ ಪರದೇಶದ ಪದವೀಧರರ ಸಾಲಿನಲ್ಲಿ ನಿಂತು ಪರೀಕ್ಷೆ, ರೆಸಿಡೆನ್ಸಿ ಎಲ್ಲವನ್ನೂ ದಾಟಬೇಕು. ಫ್ರೆಂಚ್ ಪರೀಕ್ಷೆ ಮಾತ್ರ ಬರೆಯಬೇಕಾಗಿಲ್ಲ. ಭಾಷಾ ಸನ್ನದಿನ 35ನೇ ವಿಧಿಯಂತೆ ವೈದ್ಯರಿಗೆ ಪರವಾನಗಿ ಸಿಗಲು ವೃತ್ತಿಗೆ ತಕ್ಕ ಫ್ರೆಂಚ್ ಬಂದಿರಬೇಕು. ಪ್ರೌಢಶಾಲೆಯಿಂದ ಮೇಲೆ 3 ವರ್ಷ ಪೂರ್ಣಾವಧಿ ಫ್ರೆಂಚ್‌ನಲ್ಲಿ ಓದಿದವರಿಗೆ ಅದು ಬರುತ್ತದೆಂದೇ ಕಾನೂನು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಆ ಹಳೆಯ ಶಾಲೆಯ ಡಿಪ್ಲೊಮಾ ಭಾರತದಲ್ಲಿ ಯಾರೂ ಕೇಳಲಿಲ್ಲವೆಂದು ಎಲ್ಲೋ ಎಸೆಯದೆ, ಮೂಲಪ್ರತಿಯನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.